ಇಸ್ತ್ರಿ ಮನೆಯವರು ನೀರಿಗಿಳಿದದ್ದು

ಆ ಮನೆಯಲ್ಲಿ ನಡುಬೇಸಿಗೆಯಲ್ಲೂ ಕೈ ತೊಳೆಯುವುದಕ್ಕೆ ಬಿಸಿನೀರೇ. ಒಲೆಯ ಹಿಂಬದಿಯ ಉರಿಯ ಮೇಲೆ ಬೆಳಗಿನಿಂದ ದೀಪ ಆರಿಸುವವರೆಗೆ ಒಂದು ಸೊಟ್ಟ ಪಾತ್ರೆ ಕೂತೇ ಇರುತ್ತಿತ್ತು. ಊಟವಾದವರು ಅದರಿಂದ ಒಂದು ಲೋಟ ಬಗ್ಗಿಸಿಕೊಂಡು ಬಲಗೈ ತೊಳೆಯಬೇಕು. ತಣ್ಣೀರೇನಿದ್ದರೂ ಎಡಗೈಯ ಪಾಲು. ಬಟ್ಟೆಗೆ ನೀರು ಚಿಮುಕಿಸುವುದು ಎಡಗೈ, ಇಸ್ತ್ರಿ ಒತ್ತುವುದು ಬಲಗೈ. ಒಂದು ಸಲ ಕಾದ ಬಲಗೈ ಮಾರನೆಯ ಬೆಳಗಿನ ತನಕ ತಣ್ಣೀರು ಮುಟ್ಟಬಾರದು. ಮುಟ್ಟಿದರೆ ನರ ಸೆಟೆದು ಬೆರಳು ಮಡಚಿಕೊಂಡು ಹೋಗುತ್ತವೆ ಎಂದು ಮಾವ ನಂಬಿದ್ದರು. ನಂಬಿದ್ದರು ಎನ್ನುವುದು ಸಣ್ಣ ಮಾತಾಯಿತು. ಬೇರೆಯವರು ದೇವರ ಹೆಸರು ಹೇಳುವ ದನಿಯಲ್ಲಿ ಅವರು ಈ ಮಾತು ಹೇಳುತ್ತಿದ್ದರು.

ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಮೂರು ಮೇಜು. ಬಾಗಿಲ ಪಕ್ಕದ್ದು ಮಾವನದು, ನಡುವಿನದು ಅತ್ತೆಯದು, ಗಾಳಿ ಬಾರದ ಮೂಲೆಯದು ಸೊಸೆಯದು. ಸೂರಿನ ಕೊಕ್ಕೆಗಳಿಂದ ಮೂರು ವೈರು ಇಳಿಬಿದ್ದು, ಮೂರು ಇಸ್ತ್ರಿ ಪೆಟ್ಟಿಗೆಗಳು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಕಾಯುತ್ತಿದ್ದವು. ಹಿಂದೆ ತಗಡಿನ ಮಾಡಿನ ಅಡುಗೆಮನೆ. ಮಲಗುವುದಕ್ಕೆ ಮೇಲೊಂದು ಅಟ್ಟ. ಹಗಲು ಹೊತ್ತು ಅಲ್ಲಿಗೆ ಕಾಲಿಟ್ಟರೆ ಅಂಗಾಲು ಚುರ್ ಎನ್ನುತ್ತಿತ್ತು. ಸೊಸೆಯ ಗಂಡ ಸ್ಕೂಟರಿನಲ್ಲಿ ಬಟ್ಟೆಯ ಗಂಟು ಹಂಚುತ್ತಿದ್ದ. ಆ ಮನೆಯಲ್ಲಿ ಗಾಳಿ ಕಾಣುತ್ತಿದ್ದವನು ಅವನೊಬ್ಬನೇ.

ಶಾಲೆಗೆ ರಜೆ ಬಿಟ್ಟ ಎರಡನೆಯ ವಾರ. ಆರು ವರ್ಷದ ಬುಗುರಿ ಮತ್ತು ಮೂರು ವರ್ಷದ ಗುಬ್ಬಿ ಸೊಸೆಯ ಮೇಜಿನ ಕೆಳಗೆ ಮುರಿದ ಗುಂಡಿಗಳನ್ನು ಸಾಲು ಜೋಡಿಸಿ ಆಡುತ್ತಿದ್ದರು. ಗುಬ್ಬಿ ಸದ್ದಿಲ್ಲದೆ ಗೋಡೆಗೆ ಒರಗಿದಳು. ನಿದ್ದೆ ಬಂತೆಂದುಕೊಂಡರು.

"ಅಮ್ಮಾ, ಇವಳು ಕಣ್ಣು ಬಿಟ್ಕೊಂಡೇ ಮಲಗಿದಾಳೆ" ಎಂದ ಬುಗುರಿ.

ಸೊಸೆ ಬಗ್ಗಿ ನೋಡಿದಳು. ಮಗುವಿನ ಕಣ್ಣಾಲಿ ಮೇಲಕ್ಕೆ ಹೋಗಿತ್ತು.

ಬೀದಿಯ ತುದಿಯ ಕ್ಲಿನಿಕ್ಕಿನ ನರ್ಸಮ್ಮ ಒದ್ದೆ ಬಟ್ಟೆ ಹೊದಿಸಿ, ಚಮಚದಲ್ಲಿ ಉಪ್ಪು ಸಕ್ಕರೆಯ ನೀರು ಕುಡಿಸಿ, ಒಂದು ಗಂಟೆಯ ಮೇಲೆ ಮಗುವಿನ ಬಾಯಲ್ಲಿ "ಅಮ್ಮ" ಎನ್ನಿಸಿದಳು.

"ಬಿಸಿಲು ಬಡಿದಿದೆ."

"ಇವಳು ಬಿಸಿಲಿಗೇ ಹೋಗಿಲ್ವಲ್ಲ, ಸಿಸ್ಟರ್!"

"ಮನೇಲಿ ಏನ್ ಕೆಲಸ?"

"ಇಸ್ತ್ರಿ."

"ಹಾಗಾದ್ರೆ ಬಿಸಿಲೇ ನಿಮ್ಮನೆಗೆ ಬಂದು ಬಾಡಿಗೆಗಿದೆ ಬಿಡಿ. ಮಧ್ಯಾಹ್ನದ ಹೊತ್ತು ಈ ಮಗುನ ಆ ಕೋಣೇಲಿ ಇಡಬೇಡಿ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಓಡಬೇಕಾಗತ್ತೆ. ಓಡೋ ಹೊತ್ತಿಗೆ ಏನಾಗಿರತ್ತೋ ನಾನು ಹೇಳಲಾರೆ."

ಸಂಜೆ ಊಟಕ್ಕೆ ಕೂತಾಗ ಸೊಸೆ ಯಾರಿಗೂ ಬಡಿಸದೆ, ಸೌಟು ಕೈಯಲ್ಲಿ ಹಿಡಿದೇ ಹೇಳಿದಳು.

"ನಾಳೆಯಿಂದ ಮೂರು ಗಂಟೆಗೆ ನನ್ನ ಇಸ್ತ್ರಿ ಆರಿಸ್ತೀನಿ, ಮಾವ. ಬಸ್ ಡಿಪೋ ಹಿಂದಿನ ಪಾರ್ಕಲ್ಲಿ ಕಾರಂಜಿ ಅಂಗಳ ಅಂತ ಮಾಡಿದಾರೆ. ಮಕ್ಕಳು ಆಡೋಕೆ ನೆಲದಿಂದ ನೀರು ಚಿಮ್ಮತ್ತಂತೆ. ಬಿಟ್ಟಿ. ಐದಕ್ಕೆ ಬಂದ್ಬಿಡ್ತೀವಿ."

"ಮೂರರಿಂದ ಐದು ಹೋಟೆಲ್ ಚಾದರದ ಹೊತ್ತು."

"ಚಾದರ ಬೆಳಿಗ್ಗೆನೇ ಮುಗಿಸ್ತೀನಿ. ನಾಲ್ಕಕ್ಕೆ ಎದ್ದು."

"ಎಷ್ಟು ದಿನ?"

"ಬೇಸಿಗೆ ಮುಗಿಯೋವರೆಗೆ."

ಮಾವ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. "ಮಕ್ಕಳು ಆಡ್ಲಿ, ಬೇಡ ಅಂದವರಾರು? ನಿನ್ನ ಕೈ ನೀರಿಗೆ ಹೋಗ್ಬಾರ್ದು, ಅಷ್ಟೆ. ನಮ್ಮಣ್ಣ ಒಂದು ದಿನ, ಒಂದೇ ದಿನ ಕಣಮ್ಮ, ಇಸ್ತ್ರಿ ಇಳಿಸಿ ನಲ್ಲಿ ಕೆಳಗೆ ಕೈಯಿಟ್ಟ. ಆಮೇಲೆ ಸಾಯೋವರೆಗೆ ಅವನ ತುತ್ತು ಕಲಸಿ ಕೊಟ್ಟಿದ್ದು ನಾನು."

"ನಾನೇ ಕರ್ಕೊಂಡು ಹೋಗ್ಲಾ?" ಎಂದ ಗಂಡ.

"ನೀನು ನೀರಾಡೋಕೆ ಹೋದ್ರೆ ಗಂಟು ರೆಕ್ಕೆ ಕಟ್ಕೊಂಡು ಹಾರ್ಕೊಂಡು ಹೋಗ್ತವಾ?"

ಗಂಡ ಮತ್ತೆ ಖಾಲಿ ತಟ್ಟೆಯತ್ತ ಮುಖ ತಗ್ಗಿಸಿದ. ಅತ್ತೆ ಉಪ್ಪಿನ ಬಟ್ಟಲು ನಡುವಿಗೆ ಸರಿಸಿದರು. ಅವರು ಇಸ್ತ್ರಿ ಒತ್ತುವಾಗ ಬಾಯೊಳಗೇ ಏನಾದರೊಂದು ಸ್ತುತಿ ಹೇಳಿಕೊಳ್ಳುತ್ತಿದ್ದರು. ಅದು ಬಿಟ್ಟರೆ ಆ ಮನೆಯಲ್ಲಿ ಅವರ ದನಿ ಕೇಳುವುದೇ ಅಪರೂಪ.

ಸೊಸೆ ಹೇಳಿದಂತೆ ನಾಲ್ಕಕ್ಕೆ ಎದ್ದಳು. ಬೀದಿ ಕಣ್ಣು ಬಿಡುವಷ್ಟರಲ್ಲಿ ಹೋಟೆಲಿನ ಮೂವತ್ತು ಚಾದರ ನಾಲ್ಕು ಮಡಿಕೆಯಾಗಿ ಕೂತಿದ್ದವು. ಮಾವ ಒಂದೊಂದರ ಅಂಚನ್ನೂ ಉಗುರಿನಿಂದ ಎತ್ತಿ ನೋಡಿದರು. ತಪ್ಪು ಸಿಗಲಿಲ್ಲ. ಮೂರಕ್ಕೆ ಅವಳು ಪ್ಲಗ್ ಕಿತ್ತು, ಒಂದು ಚೀಲದಲ್ಲಿ ಒಣ ಬಟ್ಟೆ, ಇನ್ನೊಂದರಲ್ಲಿ ಬ್ರೆಡ್ಡು ತುಂಬಿಕೊಂಡು ಹೊರಟಳು.

ಕಾರಂಜಿ ಅಂಗಳ ಎಂದರೆ ಕೊಳವಲ್ಲ. ಒರಟು ಸಿಮೆಂಟಿನ ಒಂದು ದುಂಡು ನೆಲ, ಸುತ್ತ ಸೊಂಟದೆತ್ತರದ ಕಂಬಿಬೇಲಿ. ನೆಲದಲ್ಲಿ ಅಲ್ಲಲ್ಲಿ ತೂತು. ಎರಡು ನಿಮಿಷ ಏನೂ ಇಲ್ಲ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ತೂತಿನ ಮೇಲೆ ಬಗ್ಗಿರುತ್ತಾರೆ. ಆಮೇಲೆ ಎಲ್ಲ ಕಡೆಯಿಂದ ಒಮ್ಮೆಗೇ ನೀರು ಭೋರೆಂದು ಮೇಲೇಳುತ್ತದೆ, ಆ ಕಿರುಚಾಟ ಡಿಪೋದ ಬಸ್ಸುಗಳ ಸದ್ದನ್ನೂ ನುಂಗಿಹಾಕುತ್ತದೆ. ಬುಗುರಿ ಚಡ್ಡಿ ಸರಿಮಾಡಿಕೊಳ್ಳುವುದಕ್ಕೂ ನಿಲ್ಲದೆ ಒಳಗೆ ಓಡಿದ.

ಬಾಗಿಲಲ್ಲಿ ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಕಾವಲಿನ ಹೆಂಗಸು. ಮಕ್ಕಳು ಅವಳನ್ನು ಸೀಟಿ ಅಮ್ಮ ಎನ್ನುತ್ತಿದ್ದರು. ಅವಳು ಗುಬ್ಬಿಯನ್ನು ತಡೆದು ಹಲಗೆ ತೋರಿಸಿದಳು.

"ಓದಿ. ಐದು ವರ್ಷದೊಳಗಿನ ಮಗು ಜೊತೆ ದೊಡ್ಡವರು ಒಬ್ಬರು ನೀರಿಗೆ ಇಳೀಲೇಬೇಕು. ಕೈ ಹಿಡ್ಕೊಂಡಿರಬೇಕು."

"ನಾನು ಇಳಿಯೋ ಹಾಗಿಲ್ಲ."

"ಹಾಗಾದ್ರೆ ಮಗೂನೂ ಇಳಿಯೋ ಹಾಗಿಲ್ಲ."

ಗುಬ್ಬಿ ಬೇಲಿಯ ಕಂಬಿಗೆ ಹಣೆ ಒತ್ತಿ ಅಣ್ಣನನ್ನು ನೋಡುತ್ತ ನಿಂತಳು. ಅಳಲಿಲ್ಲ. ಅತ್ತಿದ್ದರೆ ಸೊಸೆ ಮನೆಗಾದರೂ ಎತ್ತಿಕೊಂಡು ಹೋಗುತ್ತಿದ್ದಳೇನೋ. ಅವಳು ಬ್ರೆಡ್ಡನ್ನು ಬಟ್ಟೆಯ ಚೀಲಕ್ಕೆ ಸುರಿದು, ಖಾಲಿಯಾದ ಪ್ಲಾಸ್ಟಿಕ್ ಚೀಲವನ್ನು ಬಲಗೈಗೆ ತೊಡಿಸಿ, ಮಣಿಕಟ್ಟಿನ ಬಳಿ ಹಲ್ಲಿನಿಂದ ಗಂಟು ಬಿಗಿದಳು. ಬಲಗೈ ತಲೆಯ ಮೇಲಕ್ಕೆ, ಎಡಗೈಯಲ್ಲಿ ಮಗು. ಹಾಗೆ ಇಳಿದಳು.

"ಏನ್ರೀ, ಟೀಚರ್‌ನ ಏನಾದ್ರೂ ಕೇಳಬೇಕಾ?" ಎಂದಳು ಒಬ್ಬ ತಾಯಿ. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಸೊಸೆಯೂ ನಕ್ಕಳು, ಕೈ ಮಾತ್ರ ಇಳಿಸಲಿಲ್ಲ.

ಎರಡು ವಾರ ಹೀಗೇ ನಡೆಯಿತು. ಗುಬ್ಬಿಯ ಕುತ್ತಿಗೆಯ ಬೆವರುಸಾಲೆ ಒಣಗಿತು. ಒಂದು ತುತ್ತಿಗೆ ಮುಖ ತಿರುಗಿಸುತ್ತಿದ್ದವಳು ಸಂಜೆ ಬಂದು ಅಣ್ಣನ ತಟ್ಟೆಗೂ ಕೈಹಾಕತೊಡಗಿದಳು. ಸೊಸೆಯ ಕಣ್ಣಿನ ಸುತ್ತ ಮಾತ್ರ ಕಪ್ಪು ಏರಿತು. ನಾಲ್ಕಕ್ಕೆ ಏಳುವುದು ಆಟವಲ್ಲ. ಮಾವ ದಿನಾ ಐದು ಗಂಟೆಗೆ ಅವಳ ಬಲಗೈ ಹಿಡಿದು ಅಂಗೈ ಮುಟ್ಟಿ ನೋಡುತ್ತಿದ್ದರು.

"ಒಣಗಿದೆ" ಎನ್ನುವರು.

"ಒಣಗಿದೆ" ಎನ್ನುವಳು.

ಮೂರನೆಯ ವಾರ ಒಂದು ಮಧ್ಯಾಹ್ನ, ನೀರು ಇನ್ನೇನು ನಿಲ್ಲಬೇಕು ಎನ್ನುವಾಗ, ದೊಡ್ಡ ಹುಡುಗರಿಬ್ಬರು ಒಬ್ಬರನ್ನೊಬ್ಬರು ಅಟ್ಟಾಡಿಸುತ್ತ ಬಂದರು. ಒಬ್ಬನ ಹೆಗಲು ಗುಬ್ಬಿಗೆ ತಗುಲಿತು. ಅವಳ ಒದ್ದೆ ಬೆರಳು ಸೊಸೆಯ ಎಡಗೈಯಿಂದ ಸೋಪಿನಂತೆ ಜಾರಿತು. ಇನ್ನೊಂದು ಕೈ ಬೇಕಿತ್ತು. ಆ ಇನ್ನೊಂದು ಕೈ ಚೀಲದೊಳಗೆ, ತಲೆಯ ಮೇಲೆ ಇತ್ತು. ಅದು ಕೆಳಗಿಳಿಯುವಷ್ಟರಲ್ಲಿ ಮಗುವಿನ ಗದ್ದ ಸಿಮೆಂಟಿಗೆ ಬಡಿದಿತ್ತು.

ಸೀಟಿ ಕೂಗಿತು. ನೀರು ಒಂದು ಕ್ಷಣ ಕೆಂಪಾಗಿ ಹರಿದು ತೂತಿನೊಳಗೆ ಇಳಿಯಿತು.

ನರ್ಸಮ್ಮ ಮೂರು ಹೊಲಿಗೆ ಹಾಕಿದಳು. ಮನೆಗೆ ಬಂದಾಗ ಗುಬ್ಬಿಯ ಗದ್ದದಡಿ ಬಿಳಿ ಪಟ್ಟಿ ಅಂಟಿತ್ತು. ಅವಳು ಅದನ್ನು ಎಲ್ಲರಿಗೂ ಕತ್ತೆತ್ತಿ ತೋರಿಸಿದಳು. ಮಾವ ಅದನ್ನು ನೋಡಿದರು, ಇಸ್ತ್ರಿ ಇಳಿಸಿದರು, ಮತ್ತೆ ಎತ್ತಿ ಒತ್ತತೊಡಗಿದರು. ಊಟಕ್ಕೆ ಕೂತ ಮೇಲೆ ಶುರುವಾಯಿತು.

"ಆಯ್ತಲ್ಲ? ನೀರಾಟ ಆಯ್ತಲ್ಲ? ನಾಳೆಯಿಂದ ಯಾರೂ ಹೊಸ್ತಿಲು ದಾಟೋದು ಬೇಡ."

"ನಾಳೆ ಇಲ್ಲ. ಹೊಲಿಗೆ ಬಿಚ್ಚೋಕೆ ಐದು ದಿನ" ಎಂದಳು ಸೊಸೆ. "ಅಲ್ಲೀವರೆಗೆ ಇವಳನ್ನ ಡಿಪೋ ಮರದ ನೆರಳಲ್ಲಿ ಕೂರಿಸ್ಕೊಂಡಿರ್ತೀನಿ. ಆರನೇ ದಿನ ನೀರಿಗೆ."

"ಹುಚ್ಚು ಹಿಡಿದಿದ್ಯಾ ನಿಂಗೆ? ಮಗು ಬಿದ್ದಿದೆ!"

"ಯಾಕೆ ಬಿತ್ತು ಮಾವ?"

"ಯಾಕೆ ಅಂದ್ರೆ? ನೀರು, ಜಾರಿಕೆ..."

"ನನ್ನ ಒಂದು ಕೈ ಮುಗಿಲು ನೋಡ್ತಿತ್ತು, ಅದಕ್ಕೆ ಬಿತ್ತು. ಎರಡು ಕೈ ಇದ್ದಿದ್ರೆ ಬೀಳ್ತಿರ್ಲಿಲ್ಲ. ಈ ಸಲ ಎರಡು ಕೈಲೂ ಹಿಡ್ಕೋತೀನಿ."

ಗಂಡ "ಹೋಗ್ಲಿ ಬಿಡೇ, ಈಗ್ಲೇ ಯಾಕೆ..." ಎಂದ.

"ನೀವು ಸುಮ್ನಿರ್ರೀ. ಮೂರು ವಾರ ಸುಮ್ನಿದ್ರಿ, ಇನ್ನೈದು ನಿಮಿಷ ಇರಿ."

ಮಾವನ ದನಿ ಏರಿತು. "ಕೈ ಹೋದ್ರೆ ಗೊತ್ತಾಗತ್ತೆ ನಿಂಗೆ! ನಾನು ನೋಡಿದೀನಿ, ಕಣ್ಣಾರೆ ನೋಡಿದೀನಿ..."

"ನನ್ನ ಕೈನೂ ಒಂದ್ಸಲ ನೋಡಿ."

ಹೇಳಿದ್ದು ಅತ್ತೆ. ಎಲ್ಲರೂ ತಿರುಗಿದರು. ಅತ್ತೆ ಬಲಗೈಯನ್ನು ತಟ್ಟೆಯ ಪಕ್ಕದಲ್ಲಿ ಅಂಗಾತ ಇಟ್ಟಿದ್ದರು. ಗೆಣ್ಣುಗಳು ಊದಿ ಗಂಟುಗಂಟಾಗಿದ್ದವು. ಕಡೆಯ ಎರಡು ಬೆರಳು ಒಳಗೆ ಮಡಚಿದ್ದವು. ಅವರು ಬಿಡಿಸಲು ನೋಡಿದರೂ ಬಿಚ್ಚಿಕೊಳ್ಳಲಿಲ್ಲ.

"ಮೂವತ್ತೆರಡು ವರ್ಷ ಈ ಕೈಗೆ ತಣ್ಣೀರು ತೋರಿಸಿಲ್ಲ. ನಮ್ಮ ಈ ಮಗ ಕೂಸಾಗಿದ್ದಾಗ, ಜ್ವರ ಬಂದು ಮೈ ಕೆಂಡ ಆಗಿದ್ದಾಗ ಒದ್ದೆ ಬಟ್ಟೆ ಹಾಕಿದ್ದು ಪಕ್ಕದ ಮನೆಯವಳು. ನಾನಲ್ಲ. ನಾನು ಮೇಜಿನ ಹತ್ರ ನಿಂತು ನೋಡ್ತಿದ್ದೆ. ನೀವು ಹೇಳಿದ ಒಂದು ಮಾತೂ ಮೀರಿಲ್ಲ. ಹೇಳಿ, ಯಾವ ನೀರು ಮಾಡ್ತು ಇದನ್ನ?"

ಮಾವ ಆ ಕೈಯನ್ನು ನೋಡಿದರು. ದಿನಾ ಎರಡು ಅಡಿ ದೂರದಲ್ಲಿ ಓಡಾಡುವ ಕೈ ಅದು.

"ಅದು ವಯಸ್ಸು" ಎಂದರು.

"ನಿಮ್ಮಣ್ಣನಿಗೂ ಆಗಿತ್ತು ವಯಸ್ಸು."

ಅಲ್ಲಿಗೆ ಊಟ ಮುಗಿಯಿತು. ಮಾವ ಎದ್ದು ಹೋಗಿ ಬಿಸಿನೀರಿನಲ್ಲೇ ಕೈ ತೊಳೆದರು.

ಹೊಲಿಗೆ ಬಿಚ್ಚಿದ ಮರುದಿನ ಸೊಸೆ ನಾಲ್ಕಕ್ಕೆ ಎದ್ದು ಕೆಳಗೆ ಬಂದಾಗ ಅವಳ ಮೇಜಿನ ಮೇಲೆ ಇಸ್ತ್ರಿ ಇರಲಿಲ್ಲ. ಬರಿಯ ವೈರು ತೂಗುತ್ತಿತ್ತು. ಮಾವ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು.

"ನೀರಿಗೆ ಹೋಗೋ ಕೈಗೆ ಈ ಮನೇಲಿ ಇಸ್ತ್ರಿ ಇಲ್ಲ" ಎಂದರು, ಬೆಳಕು ಹರಿದ ಮೇಲೆ. "ನಾಳೆ ನಿನ್ನ ಕೈ ಮಡಚಿಕೊಂಡ್ರೆ, ಗೊತ್ತಿದ್ದೂ ಗೊತ್ತಿದ್ದೂ ಮಾವ ಇಸ್ತ್ರಿ ಕೊಟ್ಟ ಅನ್ನೋ ಮಾತು ನಂಗೆ ಬರ್ಬಾರ್ದು. ಪಾರ್ಕು ಬೇಕೋ, ಮೇಜು ಬೇಕೋ, ಹೇಳು."

"ಮಗು ಬೇಕು."

"ನಾನು ಕೇಳಿದ್ದೇನು?"

"ನಾನು ಹೇಳಿದ್ದು ಅದೇ, ಮಾವ."

ಅವಳು ಈರುಳ್ಳಿ ಬುಟ್ಟಿ ತಂದು, ತನ್ನ ಖಾಲಿ ಮೇಜಿನ ಮುಂದೆಯೇ ಕೂತು ಸುಲಿದಳು. ಅಡುಗೆ ಮಾಡಿದಳು, ನೆಲ ಒರೆಸಿದಳು, ಗುಂಡಿ ಹೊಲಿದಳು. ಚಾದರದ ಗಂಟಿಗೆ ಕೈ ಹಚ್ಚಲಿಲ್ಲ. ಮೂರಕ್ಕೆ ಮಕ್ಕಳೊಡನೆ ಹೊರಟಳು. ಅಂದು ಮೊದಲ ಸಲ ಎರಡು ಕೈಯನ್ನೂ ನೀರಿಗಿಟ್ಟಳು. ಬಲಗೈಯ ಅಂಗೈಯಲ್ಲಿ ವರ್ಷಗಟ್ಟಲೆಯ ಜಡ್ಡು. ನೀರು ಅದಕ್ಕೆ ತಗುಲಿದ್ದು ತಡವಾಗಿ ತಿಳಿಯಿತು, ತಿಳಿದಾಗ ತಂಪು ಭುಜದವರೆಗೂ ಏರಿತು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಬೆರಳುಗಳನ್ನು ಹತ್ತು ಸಲ ಮಡಚಿ ಬಿಡಿಸಿ ನೋಡಿಕೊಂಡಳು. ಆಮೇಲೆ ಗುಬ್ಬಿ ಎಳೆದಳು, ಸೊಸೆ ಅದನ್ನೆಲ್ಲ ಮರೆತಳು.

ಎರಡನೆಯ ದಿನಕ್ಕೆ ಚಾದರದ ಗಂಟುಗಳು ಬಾಗಿಲು ದಾಟಿ ಬೀದಿಗೆ ಬಂದವು. ಮಾವ ಎರಡು ಮೇಜಿನ ಕೆಲಸ ಒಬ್ಬರೇ ಮಾಡುತ್ತ ಬೆವರಿನಲ್ಲಿ ನೆನೆದು ತೊಪ್ಪೆಯಾದರು. ಗಂಡ ಖಾಲಿ ಸ್ಕೂಟರಿನ ಮೇಲೆ ಕೂತು ಬೀಡಿ ಸೇದಿದ. "ಅಪ್ಪಾ, ಹೋಟೆಲಿನವನು ಫೋನ್ ಮೇಲೆ ಫೋನ್ ಮಾಡ್ತಿದಾನೆ. ಹಾಸಿಗೆ ಮೇಲೆ ನ್ಯೂಸ್‌ಪೇಪರ್ ಹಾಸ್ಲಾ ಅಂತಾನೆ."

"ಹಾಸ್ಲಿ. ಓದ್ಕೊಂಡು ಮಲಗ್ತಾರೆ."

"ಆ ಬೀಗದ ಕೈ ಕೊಡಪ್ಪ."

"ನಿನ್ನ ಹೆಂಡ್ತಿಗೆ ಹೇಳು."

"ಅವಳಿಗೆ ಹೇಳಿ ಹೇಳಿ ನಂಗೇ ಅವಳು ಹೇಳೋದು ಸರಿ ಅನ್ಸೋಕೆ ಶುರುವಾಗಿದೆ."

ಮೂರನೆಯ ದಿನ ಗಡಿಯಾರ ಮೂರು ಹೊಡೆಯಿತು. ಸೊಸೆ ಚೀಲ ಹೆಗಲಿಗೇರಿಸಿದಳು. ಅತ್ತೆ ಅರ್ಧ ಒತ್ತಿದ್ದ ದಿಂಬಿನ ಚೀಲವನ್ನು ಹಾಗೇ ಬಿಟ್ಟು, ತಮ್ಮ ಇಸ್ತ್ರಿಯ ಪ್ಲಗ್ ಕಿತ್ತರು. ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮಾವನ ಮೇಜಿನ ಮೇಲೆ ಇಟ್ಟರು.

"ತಣ್ಣಗಾದ ಮೇಲೆ ಇದನ್ನೂ ಟ್ರಂಕಲ್ಲಿಟ್ಟು ಬೀಗ ಹಾಕ್ಬಿಡಿ. ನಾನೂ ಹೋಗ್ತಿದೀನಿ."

"ಎಲ್ಲಿಗೆ?"

"ಮೊಮ್ಮಕ್ಕಳು ಹೋಗೋ ಕಡೆಗೆ."

"ಜನ ನಗ್ತಾರೆ ಕಣೇ, ಈ ವಯಸ್ಸಲ್ಲಿ!"

"ನಗ್ಲಿ. ನಮ್ಮನೇಲಿ ನಕ್ಕು ಎಷ್ಟು ದಿನ ಆಯ್ತು."

ಅಂಗಳದ ಬಾಗಿಲಲ್ಲಿ ಸೀಟಿ ಅಮ್ಮ ಅತ್ತೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇವರಿಗೂ ಐದು ವರ್ಷದೊಳಗಾ?"

"ಹೌದು" ಎಂದಳು ಸೊಸೆ. "ಅದಕ್ಕೇ ಕೈ ಹಿಡ್ಕೊಂಡಿದೀನಿ."

ಅತ್ತೆ ಚಪ್ಪಲಿ ಬಿಟ್ಟು ಅಂಜುತ್ತಂಜುತ್ತ ಇಳಿದರು. ನೀರು ಪಾದಕ್ಕೆ ಬಂದಾಗ ಬಾಯಲ್ಲಿದ್ದ ಸ್ತುತಿ ಅರ್ಧಕ್ಕೆ ನಿಂತಿತು. ಬುಗುರಿ ಅವರನ್ನು ಒಂದು ತೂತಿನ ಬಳಿ ಕುಕ್ಕರುಗಾಲಲ್ಲಿ ಕೂರಿಸಿ, "ಅಜ್ಜಿ, ಇಲ್ಲಿ ಒತ್ತು, ಬಿಡಬೇಡ" ಎಂದ. ಅತ್ತೆ ಮಡಚಿದ ಬಲಗೈಯನ್ನು ಅದರ ಮೇಲಿಟ್ಟು, ಕಾಲರಿನ ಸುಕ್ಕು ತೆಗೆಯುವವರಂತೆ ಹೆಗಲಿನ ಭಾರ ಬಿಟ್ಟು ಒತ್ತಿದರು. ಅಡಿಯಿಂದ ನೀರು ಒದೆಯಿತು. ಬೆರಳ ಸಂದಿನಿಂದ ಸಿಡಿದು ನೇರ ಸೊಸೆಯ ಮುಖಕ್ಕೆ ಹೊಡೆಯಿತು. ಅತ್ತೆ ಮೊದಲು "ಅಯ್ಯೋ" ಎಂದರು. ಆಮೇಲೆ ಬೇಕೆಂದೇ ಇನ್ನೊಂದು ಸಲ ಒತ್ತಿದರು. ಅವರ ಮೇಲ್ದವಡೆಯಲ್ಲಿ ಒಂದು ಹಲ್ಲಿಲ್ಲವೆಂಬುದು ಸೊಸೆಗೆ ಗೊತ್ತಾದದ್ದೇ ಅಂದು.

ನಾಲ್ಕು ಗಂಟೆ ದಾಟಿರಬೇಕು. ಬೇಲಿಯ ಆಚೆ ಮಾವ ನಿಂತಿದ್ದರು. ಬಿಳಿ ಅಂಗಿ, ತೋಳಿನ ಮಡಿಕೆ ಚೂರಿಯಂತೆ ನಿಂತಿತ್ತು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಒಳಗೆ ಬರಹೋದವರನ್ನು ಸೀಟಿ ಅಮ್ಮ ತಡೆದಳು: "ಮಗು ಇದ್ರೆ ಒಳಗೆ, ಇಲ್ದಿದ್ರೆ ಬೇಲಿ ಆಚೆ, ಅಜ್ಜ."

"ತಾತಾ!" ಎಂದು ಗುಬ್ಬಿ ಕೂಗಿದಳು. ಗದ್ದದ ಗಾಯ ತೆಳುಗೆರೆಯಾಗಿತ್ತು.

ಮಾವ ಅವಳನ್ನು ನೋಡಿದರು, ಹೆಂಡತಿಯ ಒದ್ದೆ ಕೈ ನೋಡಿದರು. ಬೇಲಿಯ ಕಂಬಿಗೆ ಹೇಳುವವರಂತೆ ಹೇಳಿದರು:

"ಇಸ್ತ್ರಿ ತೆಗೆದು ಮೇಜಿನ ಮೇಲೆ ಇಟ್ಟಿದೀನಿ. ಎರಡೂ. ಬನ್ನಿ ಈಗ. ಹೋಟೆಲಿನವನೇ ಬಂದು ಕೂತಿದಾನೆ."

"ಒಳ್ಳೇದಾಯ್ತು, ಮಾವ" ಎಂದಳು ಸೊಸೆ. "ಐದಕ್ಕೆ ಬಂದು ಹಿಡೀತೀನಿ."

"ಇಸ್ತ್ರಿ ಕೊಡ್ತೀನಿ ಅಂದೆನಲ್ಲಮ್ಮ, ಈಗ್ಲೇ ಬಾ ಅಂತ ತಾನೆ ಕೊಟ್ಟಿದ್ದು."

"ಕೊಟ್ಟಿದ್ದು ನಿಮ್ಮ ದೊಡ್ಡ ಮನಸ್ಸು. ಚಾದರ ರಾತ್ರಿ ಊಟದೊಳಗೆ ಮುಗಿಸಿಕೊಡ್ತೀನಿ, ಒಂದು ಸುಕ್ಕು ಸಿಕ್ರೆ ಕೇಳಿ. ಮೂರರಿಂದ ಐದು ಮಾತ್ರ ನನ್ನನ್ನ ಕೇಳ್ಬೇಡಿ. ನಾಳೆನೂ ಕೇಳ್ಬೇಡಿ."

"ಒದ್ದೆ ಕೈಲಿ ಹಿಡೀತೀಯಾ?"

"ಒರೆಸ್ಕೊಂಡು ಹಿಡೀತೀನಿ."

ಸುತ್ತಲಿನ ತಾಯಂದಿರು ಇತ್ತಲೇ ತಿರುಗಿದ್ದರು. ಮಾವ ಅವಳನ್ನು ಬಿಟ್ಟು ಅತ್ತೆಯ ಕಡೆಗೆ ತಿರುಗಿದರು. ದನಿ ತಗ್ಗಿತು.

"ನೀನಾದ್ರೂ ಬಾರೇ."

ಅತ್ತೆ ತೂತಿನ ಮೇಲಿನ ಕೈ ತೆಗೆಯಲಿಲ್ಲ. "ನಾನಾ? ನಾನೀಗ ತಾನೆ ಬಂದಿದೀನಿ. ನೀವು ಹೋಗಿ, ಆ ಹೋಟೆಲಿನವರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ."

ನೀರು ನಿಂತಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಬಗ್ಗಿದರು. ಮಾವ ಹೋಗಲಿಲ್ಲ.

"ಅಜ್ಜ, ಇನ್ನೇನು ಬರತ್ತೆ. ಸಿಡಿಯತ್ತೆ, ಒಂದು ಹೆಜ್ಜೆ ಹಿಂದಕ್ಕೆ" ಎಂದಳು ಸೀಟಿ ಅಮ್ಮ.

ಮಾವ ಒಂದು ಹೆಜ್ಜೆ ಹಿಂದಕ್ಕೆ ಸರಿದು ಅಲ್ಲೇ ನಿಂತರು. ಸೊಸೆ ಅವರಿಗೆ ಬೆನ್ನು ಹಾಕಿ, ಗುಬ್ಬಿಯ ಎರಡು ಕೈಯನ್ನೂ ತನ್ನ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅಂಗಳದ ನಟ್ಟನಡುವಿಗೆ ನಡೆದಳು. ಡಿಪೋದ ಗಡಿಯಾರದಲ್ಲಿ ಐದಕ್ಕೆ ಇನ್ನೂ ನಲವತ್ತು ನಿಮಿಷವಿತ್ತು.